ವಾಣಿ ವಿಲಾಸ ಸಾಗರದ ನಾಳಿನ ಮಟ್ಟ: ನಾನು ಲೆಕ್ಕ ಹಾಕಿದ ಬಗೆ

ವಾಣಿ ವಿಲಾಸ ಸಾಗರದ ಮಟ್ಟವನ್ನು ಹಿರಿಯೂರಿನ ಜನ ಇಂದಿಗೂ ಅಡಿಗಳಲ್ಲೇ ಹೇಳುತ್ತಾರೆ. 130 ಅಡಿ ದಾಟಿದರೆ ಕೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, ಅನಂತರ 2025ರ ಜನವರಿಯಲ್ಲಿ. ತಾಪ ಏರುತ್ತಿರುವ ಮುಂದಿನ ದಶಕಗಳಲ್ಲಿ ಇಲ್ಲಿ ನೀರು ಎಲ್ಲಿ ನಿಲ್ಲಬಹುದು ಎಂದು ಅಂದಾಜಿಸಲು ಕುಳಿತಾಗ ನಾನು ಮೊದಲು ಪಕ್ಕಕ್ಕಿಟ್ಟದ್ದು ವಾರ್ಷಿಕ ಸರಾಸರಿ ಮಳೆಯನ್ನು.

ವೇದಾ, ಅವತಿ ಹೊಳೆಗಳು ಬಾಬಾಬುಡನ್‌ಗಿರಿ ಸಾಲಿನಿಂದ ಇಳಿದು, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಈ ಜಲಾಶಯ ಇರುವುದು ಆ ಹೊಳೆಗೆ ಅಡ್ಡಲಾಗಿ. ಆದರೆ ಬಿದ್ದ ಮಳೆಯೆಲ್ಲ ಅಣೆಕಟ್ಟು ಮುಟ್ಟುವುದಿಲ್ಲ. ಮೇಲೆ ಅಯ್ಯನಕೆರೆ, ಮದಗದಕೆರೆ ತುಂಬಬೇಕು, ದಾರಿಯುದ್ದಕ್ಕೂ ಇರುವ ಸಣ್ಣ ಕೆರೆಗಳು ತುಂಬಬೇಕು, ಕೊಳವೆಬಾವಿಗಳು ಬರಿದು ಮಾಡಿದ ನೆಲ ನೆನೆಯಬೇಕು. ಉಳಿದದ್ದು ಮಾತ್ರ ಹೊಳೆಗೆ. ಆದ್ದರಿಂದ ಮಳೆ ಶೇ 10ರಷ್ಟು ತಗ್ಗಿದರೆ ಒಳಹರಿವು ಅಷ್ಟಕ್ಕೇ ನಿಲ್ಲದೆ ಅದಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ. ಎರಡು ಮೂರು ದಿನ ಒಂದೇ ಸಮನೆ ಹೊಡೆದ ಮಳೆ ಮಟ್ಟ ಏರಿಸುತ್ತದೆ. ಅಷ್ಟೇ ಮಳೆ ತಿಂಗಳಿಡೀ ತುಂತುರಾಗಿ ಬಿದ್ದರೆ ಒಳಹರಿವು ಇಲ್ಲವೆನ್ನುವಷ್ಟು ಕಡಿಮೆ.

ಮುಂದಿನ ಹವೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹವಾಮಾನ ಮಾದರಿಗಳ ದೊಡ್ಡ ದೋಷ ತೊಂದರೆ ಕೊಡುವುದೂ ಇಲ್ಲೇ. ಅವು ತೀರಾ ಹೆಚ್ಚು ದಿನ ತೀರಾ ಕಡಿಮೆ ಮಳೆ ಸುರಿಸುತ್ತವೆ. ತಿಂಗಳ ಮೊತ್ತ ಸರಿಯಾಗಿಯೇ ಕಾಣುತ್ತದೆ, ಹೊಳೆ ಮಾತ್ರ ಹರಿಯುವುದಿಲ್ಲ. ಹಾಗಾಗಿ ಭಾರತೀಯ ಹವಾಮಾನ ಇಲಾಖೆಯ ದೈನಂದಿನ ಮಳೆ ದತ್ತಾಂಶದ ಜೊತೆ ಹೋಲಿಸಿ, ಮಳೆಯ ದಿನಗಳ ಸಂಖ್ಯೆಯನ್ನೂ ಭಾರಿ ಮಳೆಯ ಪ್ರಮಾಣವನ್ನೂ ಬೇರೆ ಬೇರೆಯಾಗಿ ತಿದ್ದಿದೆ. ನನ್ನ ಸಮಯದ ಬಹುಪಾಲು ಹೋದದ್ದು ಈ ತಿದ್ದುಪಡಿಗೆ, ಹೋಗಬೇಕಾದದ್ದೂ ಅದಕ್ಕೇ.

ಉಳಿದದ್ದು ನೀರಿನ ಜಮಾಖರ್ಚು: ಒಳಹರಿವು, ಜಲಾಶಯದ ಮೇಲೆಯೇ ಬಿದ್ದ ಮಳೆ, ಆವಿ, ಕಾಲುವೆಗೂ ಕುಡಿಯಲೂ ಬಿಟ್ಟ ನೀರು. ಆವಿಯನ್ನು ಬರೀ ತಾಪಮಾನದಿಂದ ಲೆಕ್ಕ ಹಾಕುವ ಸುಲಭದ ಸೂತ್ರಗಳನ್ನು ನಾನು ಒಪ್ಪುವುದಿಲ್ಲ. ಕಾವು ಏರಿದಂತೆಲ್ಲ ಅವು ನಷ್ಟವನ್ನು ಉಬ್ಬಿಸಿ ತೋರಿಸುತ್ತವೆ. ಬಿಸಿಲು, ಗಾಳಿ, ತೇವಾಂಶ ಮೂರನ್ನೂ ಸೇರಿಸಲೇಬೇಕು. ಮಟ್ಟ ಇಳಿದಂತೆ ನೀರಿನ ಹರವು ಕುಗ್ಗಿ ಆವಿಯೂ ಇಳಿಯುತ್ತದೆ ಎಂಬುದನ್ನು ಪ್ರತಿ ದಿನದ ಲೆಕ್ಕದಲ್ಲಿ ಹಿಡಿದೆ.

ಹಳೆಯ ದಾಖಲೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ, ಎಂದರೆ ಭದ್ರಾ ಜಲಾಶಯದಿಂದ ಎತ್ತಿ ಹರಿಸಿದ ನೀರೂ, ಇಲ್ಲಿಗೆ ಬರುತ್ತಿದೆ. 2022ರ ಕೋಡಿಯಲ್ಲಿ ಜೋರು ಮಳೆಯ ಪಾಲೂ ಇತ್ತು, ಆ ನೀರಿನ ಪಾಲೂ ಇತ್ತು. ಅದನ್ನು ಹವಾಮಾನ ಬದಲಾವಣೆಯ ಪುರಾವೆ ಎಂದು ತೋರಿಸುವುದು ಸರಿಯಲ್ಲ. ಜಲಾಶಯದ ನನ್ನ ಲೆಕ್ಕವನ್ನು ಹಳೆಯ ದಾಖಲೆಗೆ ಹೊಂದಿಸಿಕೊಳ್ಳಲು 2019ಕ್ಕಿಂತ ಹಿಂದಿನ ವರ್ಷಗಳನ್ನಷ್ಟೇ ಬಳಸಿ, ಭದ್ರಾ ನೀರನ್ನು ಭವಿಷ್ಯದ ಲೆಕ್ಕದಲ್ಲಿ ಪ್ರತ್ಯೇಕ ಬಾಬ್ತಾಗಿ ಇಟ್ಟೆ.

ಫಲಿತಾಂಶವನ್ನು ಒಂದೇ ಗೆರೆಯಾಗಿ ಕೊಡಲು ನಾನು ಒಪ್ಪಲಿಲ್ಲ. ಮುಂದಿನ ಎರಡು ಮೂರು ದಶಕಗಳ ಮಟ್ಟಿಗೆ ಇಂಗಾಲ ಹೊರಸೂಸುವಿಕೆ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಮಾದರಿ ಮಾದರಿಗಳ ನಡುವಿನ ಅಂತರವೇ ದೊಡ್ಡದು. ಅಚ್ಚುಕಟ್ಟಿನ ರೈತರಿಗೆ ಬೇಕಾದದ್ದೂ 2050ರ ಸರಾಸರಿ ಮಟ್ಟವಲ್ಲ. ಹತ್ತು ವರ್ಷದಲ್ಲಿ ಎಷ್ಟು ವರ್ಷ ಕಾಲುವೆಗೆ ನೀರು ಬಿಡಬಹುದು, ಬರ ಸತತವಾಗಿ ಬಂದರೆ ಕುಡಿಯುವ ನೀರು ಎಷ್ಟು ಕಾಲ ತಾಳುತ್ತದೆ ಎಂಬುದು. ಕೋಷ್ಟಕಗಳನ್ನು ಈ ಎರಡು ಪ್ರಶ್ನೆಗಳ ಸುತ್ತಲೇ ಕಟ್ಟಿದೆ, ಭದ್ರಾ ನೀರು ಬಂದರೆ ಹೇಗೆ, ಬರದಿದ್ದರೆ ಹೇಗೆ ಎಂದು ಬೇರೆ ಬೇರೆಯಾಗಿ.