ಬಿರುಕು ಮುಚ್ಚುವ ಮುಂಚೆ ಬರೆದಿಡಿ

ಗೋಡೆ ಬಿರುಕು ಬಿಟ್ಟರೆ ಎಲ್ಲರೂ ಮೊದಲು ಹುಡುಕುವುದು ಪುಟ್ಟಿ ಡಬ್ಬವನ್ನೇ. ದಾವಣಗೆರೆಯ ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು, ಒಂದಲ್ಲ, ಮೂರು ಸಲ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದಿದ್ದ ಆ ಬಿರುಕು ಮಳೆಗಾಲದಲ್ಲಿ ಸಣ್ಣಗಾಗುತ್ತಿತ್ತು, ಬೇಸಿಗೆ ಬಂದರೆ ಮತ್ತೆ ಬಾಯಿ ಬಿಡುತ್ತಿತ್ತು.

ನೀವು ಹಾಗೆ ಮಾಡಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಎರಡು ಮೂರು ತಿಂಗಳು ನೋಡಿ. ಅದು ಕಂಬದಲ್ಲೋ ತೊಲೆಯಲ್ಲೋ ಇದ್ದರೆ ಮಾತ್ರ ಕಾಯಬೇಡಿ, ಅವತ್ತೇ ಎಂಜಿನಿಯರ್‌ಗೆ ತೋರಿಸಿ.

ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಎಲ್ಲಿ ಬಂತು, ಯಾವ ಕಾಲದಲ್ಲಿ, ಕೆಳಗೆ ಯಾವ ಮಣ್ಣು, ನೀರು ಎಲ್ಲಿಂದ ಬರುತ್ತಿದೆ. ನಮ್ಮದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಚ್ಚಲ ನೀರು ಒಂದೇ ಮೂಲೆಯ ಪಾಯಕ್ಕೆ ಇಳಿಯುತ್ತಿತ್ತು. ಪೈಪ್ ದೂರ ತಳ್ಳಿ, ಮನೆ ಸುತ್ತ ಕಾಂಕ್ರೀಟ್ ಹಾಸಿದ ಮೇಲೆ ಹಾಕಿದ ನಾಲ್ಕನೇ ಪುಟ್ಟಿ ನಿಂತಿದೆ.

ಇಲ್ಲಿಗೆ ಪಾಠ ಕಲಿತೆವು ಅಂದುಕೊಂಡೆ. ಚಿತ್ರದುರ್ಗದಲ್ಲಿ ನೆಂಟರು ಮನೆ ಕಟ್ಟುವಾಗ ನಾನೇ ಮುಂದೆ ನಿಂತು, ಅಲ್ಲೂ ಎರೆಮಣ್ಣೇ ಇರುತ್ತದೆ ಅಂದುಕೊಂಡು, ಪಾಯಕ್ಕೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತುಂಬಿಸಲೇಬೇಕು ಅಂತ ಹಟ ಹಿಡಿದು ಎರಡು ಲೋಡ್ ತರಿಸಿದೆ. ಅಗೆದರೆ ಮೊಣಕಾಲುದ್ದಕ್ಕೇ ಬಂಡೆ! ದುಡ್ಡು ದಂಡ. ನಿಜವಾದ ತೊಂದರೆ ಬಂದಿದ್ದು ಮೇಲೆ: ಏಪ್ರಿಲ್ ಮಧ್ಯಾಹ್ನ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕಿದರು, ಬಿಸಿಲು, ಗಾಳಿ, ಸಂಜೆ ಹೊತ್ತಿಗೆ ಕೂದಲೆಳೆಯಂಥ ಬಿರುಕು. ಅದಕ್ಕೇ ಮಣ್ಣು ಮತ್ತು ಕಾಲದ ಕಾಲಂ ಖಾಲಿ ಬಿಡಬೇಡಿ ಅನ್ನುವುದು. ಅವಿಲ್ಲದಿದ್ದರೆ ನಿಮ್ಮ ಅನುಭವವೇ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಆ ಮೋಲ್ಡಿನಿಂದ ನೋಟ್‌ಬುಕ್‌ಗೆ ಸೇರಿದ್ದು ಇಷ್ಟು. ಬೇಸಿಗೆಯಲ್ಲಿ ಬೆಳಗಿನ ಜಾವವೇ ಶುರು ಮಾಡಿ. ಮೇಲ್ಮೈ ಉಜ್ಜಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಟ್ಟಿಯಾದ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಹೆಚ್ಚಿನ ಕಡೆ ಬಳಸುವುದು ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್, ಇಂಥ ಬಿಸಿಲಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದು 14 ದಿನ ಒದ್ದೆಯಾಗಿಡಿ ಅಂತ. ಮೂರು ದಿನ ಸುಮ್ನೆ ಪೈಪ್ ಹಿಡಿದರೆ ಸಾಲದು. ಇನ್ನು ಕಲಸುವಾಗ 50 ಕೆಜಿ ಸಿಮೆಂಟ್ ಮೂಟೆಗೆ 25 ಲೀಟರ್ ನೀರು ಅಂದಾಜು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಕಲಸಲು ಸಲೀಸು ಅಂತ ಒಂದು ಬಕೆಟ್ ಜಾಸ್ತಿ ಸುರಿಯುವವರು ಎಲ್ಲ ಸೈಟಲ್ಲೂ ಇರುತ್ತಾರೆ, ಅಲ್ವಾ?

ಇದನ್ನೆಲ್ಲ ಹಿಂದಿನ ಸಂಜೆಯೇ ಮೇಸ್ತ್ರಿಗೆ ಓದಿ ಹೇಳಿ, ಮಂಡಕ್ಕಿ ಮಿರ್ಚಿ ತರಿಸಿ ಕೂತುಕೊಂಡು. ಮಿಕ್ಸರ್ ತಿರುಗೋಕೆ ಶುರುವಾದ ಮೇಲೆ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ.