ಕಮೋಡೋರ್ 64ಕ್ಕೆ ನಾನೇ ಕಟ್ಟಿದ ಪವರ್ ಸಪ್ಲೈ

ಎಂಬತ್ತರ ದಶಕದ ಮನೆಬಳಕೆಯ ಕಂಪ್ಯೂಟರ್ ಕಮೋಡೋರ್ 64ಕ್ಕೆ ಪವರ್ ಸಪ್ಲೈ ಕಟ್ಟುತ್ತೇನೆಂದಾಗ "ಅದರ ಜತೆ ಬಂದ ಹಳೇ ಕಪ್ಪು ಇಟ್ಟಿಗೆಯೇ ಸಾಕು, ಇಲ್ಲವೇ ಮೊಬೈಲ್ ಚಾರ್ಜರ್ ಕಟ್ಟು" ಎಂದು ನಕ್ಕವರೇ ಹೆಚ್ಚು. ಚಾರ್ಜರಿನಲ್ಲಿ 9 ವೋಲ್ಟ್ ಎಸಿ ಎಲ್ಲಿದೆ? ಅದಿಲ್ಲದಿದ್ದರೆ ಧ್ವನಿಯ ಚಿಪ್ಪಾದ 6581 ಸಿಡ್‌ಗೆ 12 ವೋಲ್ಟ್ ಇಲ್ಲ, ಸಿಐಎ ಎಂಬ ಇನ್‌ಪುಟ್-ಔಟ್‌ಪುಟ್ ಚಿಪ್ಪಿನ ಗಡಿಯಾರಕ್ಕೆ 50 ಹರ್ಟ್ಸ್ ಇಲ್ಲ.

ಆ ಇಟ್ಟಿಗೆಯಲ್ಲಿ ರೆಗ್ಯುಲೇಟರನ್ನು ಟ್ರಾನ್ಸ್‌ಫಾರ್ಮರ್ ಜತೆಗೇ ಎಪಾಕ್ಸಿಯಲ್ಲಿ ಹೂತಿದ್ದಾರೆ. ಕಾವು ಹೊರಬರದೆ ರೆಗ್ಯುಲೇಟರ್ ಕೈಕೊಟ್ಟರೆ 5 ವೋಲ್ಟ್ ಲೈನು ಮೇಲೇರಿ 4164 ರ್‍ಯಾಮ್‌ಗಳನ್ನು ಸುಡುತ್ತದೆ. 1982ರಲ್ಲಿ 595 ಡಾಲರಿದ್ದ ಮಶೀನನ್ನು ಮರುವರ್ಷವೇ 200ರ ಆಸುಪಾಸಿಗೆ ಇಳಿಸಿದ ಕಮೋಡೋರ್ ಸ್ಥಾಪಕ ಜ್ಯಾಕ್ ಟ್ರಾಮಿಯೆಲ್ ಕಾಲದ ಲೆಕ್ಕಾಚಾರ ಇದು. ಬಾಬ್ ಯಾನೆಸ್‌ರ ಸಿಡ್, ಆಲ್ ಚಾರ್ಪೆಂಟಿಯರ್‌ರ ವಿಕ್-2 (ಪರದೆಯ ಚಿತ್ರ ಮೂಡಿಸುವುದು) ಚಿಪ್ಪುಗಳಲ್ಲಿ ಜಿಪುಣತನ ಕಾಣದು. ಕತ್ತರಿ ಬಿದ್ದದ್ದು ಅವುಗಳ ಸುತ್ತಲಿನ ಸಾಮಾನಿಗೆ.

ನನ್ನದರ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಪ್ರತ್ಯೇಕ 0-9 ವೋಲ್ಟ್ ವೈಂಡಿಂಗ್, ತಲಾ 2 ಆಂಪ್. ಒಂದು ನೇರ ಕಂಪ್ಯೂಟರಿಗೆ ಸಿಕ್ಕಿಸುವ ದುಂಡನೆಯ ಡಿನ್ ಪ್ಲಗ್ಗಿನ 6, 7ನೇ ಪಿನ್ನಿಗೆ. ಇನ್ನೊಂದು ಬ್ರಿಡ್ಜ್ ರೆಕ್ಟಿಫೈಯರ್, 4700 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರ್, ಎಲ್‌ಎಂ2576-5 (5 ವೋಲ್ಟ್ ಕೊಡುವ ಸ್ವಿಚಿಂಗ್ ರೆಗ್ಯುಲೇಟರ್ ಐಸಿ), 100 ಮೈಕ್ರೋಹೆನ್ರಿ ಕಾಯಿಲ್, 1ಎನ್5822 ಡಯೋಡ್ ದಾಟಿ 5ನೇ ಪಿನ್ನಿಗೆ. ಗ್ರೌಂಡ್ 2ನೇ ಪಿನ್. 2 ಆಂಪ್ ಫಾಸ್ಟ್ ಫ್ಯೂಸ್ ಫಿಲ್ಟರ್ ಕೆಪಾಸಿಟರಿನ ನಂತರ, ಐಸಿಗೆ ಮೊದಲು. ಔಟ್‌ಪುಟ್‌ನಲ್ಲಿ ಹಾಕಿದರೆ ಫ್ಯೂಸೇ ವೋಲ್ಟೇಜ್ ತಿನ್ನುತ್ತದೆ.

ವೋಲ್ಟೇಜ್ ಮೇಲೇರಿದರೆ 5 ವೋಲ್ಟ್ ಲೈನನ್ನೇ ಶಾರ್ಟ್ ಮಾಡುವ ಕಾವಲಿಗೆ ಮೊದಲು 5.1 ವೋಲ್ಟ್ ಝೀನರ್ ಮತ್ತು ಎಸ್‌ಸಿಆರ್ ಇಟ್ಟೆ. ಒಮ್ಮೆ 5.6ಕ್ಕೆ, ಇನ್ನೊಮ್ಮೆ 6.2ರ ಹತ್ತಿರ ಹಾರಿತು. ಇದನ್ನು ನಂಬಿ ರ್‍ಯಾಮ್ ಇಡಲಾದೀತೇ? ವೋಲ್ಟೇಜ್ ಅಳೆಯುವ ಟಿಎಲ್431 ಐಸಿಗೆ ಮೇಲೆ 12 ಕೆ, ಕೆಳಗೆ 10 ಕೆ ರೆಸಿಸ್ಟರ್ ಕೊಟ್ಟರೆ ಸರಿಯಾಗಿ 5.5 ವೋಲ್ಟ್. ಅದು 100 ಓಮ್ ಮೂಲಕ ಬಿಟಿ136-600ಇ ಟ್ರಯಾಕಿನ ಗೇಟನ್ನು ಕೆಳಗೆಳೆಯಬೇಕು. ಟ್ರಯಾಕಿನ ಎಂಟಿ1 ಕಾಲು ಪ್ಲಸ್ ಕಡೆಗೆ. ಗೇಟಿಗೂ ಎಂಟಿ1ಕ್ಕೂ ನಡುವೆ 1 ಕೆ ಹಾಕದಿದ್ದರೆ ಸುಮ್ಮಸುಮ್ಮನೆ ಹಾರುತ್ತದೆ. ಕಂಪ್ಯೂಟರ್ ಜೋಡಿಸುವ ಮುನ್ನ ಬೆಂಚ್ ಸಪ್ಲೈಯಿಂದ ಲೈನನ್ನು ನಿಧಾನ ಏರಿಸಿ: ಟ್ರಯಾಕ್ ಅದನ್ನು ಒಂದೆರಡು ವೋಲ್ಟಿಗೆ ಕೆಡವಲೇಬೇಕು. ಆಮೇಲೆ 5 ಓಮ್, 10 ವಾಟ್ ರೆಸಿಸ್ಟರ್ ಹಾಕಿ ಒಂದು ಗಂಟೆ ಓಡಿಸಿ. ಕೇಬಲ್ ಒಂದು ಮೀಟರ್ ಮೀರದಿರಲಿ, ಬೋರ್ಡಿನಲ್ಲಿ 4.9ರ ಕೆಳಗಿಳಿದರೆ ದಪ್ಪ ವೈರ್ ಹಾಕಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲ ಸೇರಿ ಸುಮಾರು 1,400 ರೂಪಾಯಿ ಆಯಿತು, ಅರ್ಧ ಟ್ರಾನ್ಸ್‌ಫಾರ್ಮರಿಗೇ. ವಿದೇಶದಿಂದ ತರಿಸಿದ್ದರೆ ಸುಂಕ ಸೇರಿ ಇದರ ಐದು ಪಟ್ಟು. ನಕ್ಕವರಲ್ಲಿ ಇಬ್ಬರು ಈಗ ಇದೇ ಡಬ್ಬಿ ಕೇಳಿದ್ದಾರೆ.

ಜತೆಗೊಂದು ಪ್ರಯೋಗ: ಕೆಲವು ಬೋರ್ಡುಗಳ ಮೇಲೆ ತಗಡಿನ ಬದಲು ಫಾಯಿಲ್ ಅಂಟಿಸಿದ ರಟ್ಟಿನ ಶೀಲ್ಡ್ ಇರುತ್ತದೆ. ಅದನ್ನು ತೆಗೆದಾಗ ಮೆಮೊರಿ ವಿಳಾಸ ಹಂಚುವ ಪಿಎಲ್‌ಎ ಚಿಪ್ಪಿನ ಕಾವು ಹತ್ತು ಡಿಗ್ರಿಯಷ್ಟು ಇಳಿಯಿತು. ಸ್ವಿಚಿಂಗ್ ರೆಗ್ಯುಲೇಟರಿನಿಂದ ಪರದೆಯಲ್ಲಿ ತೆಳು ಗೆರೆ ಓಡಿದರೆ ಕಾಯಿಲನ್ನು ಕೂರಿಸುವ ದಿಕ್ಕು ಬದಲಿಸಿ ನೋಡಿ. ಯಾವ ದಿಕ್ಕು ಎಂಬುದನ್ನು ನಾನು ಹೇಳುವುದಿಲ್ಲ.