ಓಪನ್ ಸೋರ್ಸ್ ಲೈಬ್ರರಿಗೆ ನಿಮ್ಮ ಕೋಡ್ ಸೇರಿಸುವುದು ಹೇಗೆ?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದದ ಉದ್ದ ಎಣಿಸುವ ‘ಲೆನ್’ ಫಂಕ್ಷನ್‌ಗೆ ‘ತುಮಕೂರು’ ಎಂದು ಕೊಟ್ಟು ನೋಡಿ. 7 ಎನ್ನುತ್ತದೆ. ನಮಗೆ ಕಾಣುವುದು ನಾಲ್ಕೇ ಅಕ್ಷರ. ಅದು ಕೊಂಬುಗಳನ್ನೂ ಬೇರೆಯಾಗಿ ಎಣಿಸುತ್ತದೆ. ನೀವು ಬಳಸುವ ಓಪನ್ ಸೋರ್ಸ್ ಲೈಬ್ರರಿಯಲ್ಲಿ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಸಿದ್ಧ ಕೋಡ್‌ನ ಸಂಗ್ರಹ) ಕನ್ನಡದ ಅಕ್ಷರ ಸರಿಯಾಗಿ ಎಣಿಸುವ ಫಂಕ್ಷನ್ ಇಲ್ಲ ಅಂದುಕೊಳ್ಳಿ. ನೀವೇ ಬರೆದು ಸೇರಿಸಬಹುದು. ತುಮಕೂರಿನ ಹಾಸ್ಟೆಲ್ ರೂಮಿನಲ್ಲಿ ಕೂತೇ ಆಗುವ ಕೆಲಸ ಇದು.

ಮೊದಲು ಕೇಳಿ

ಕೋಡ್ ಆಮೇಲೆ. ಪ್ರಾಜೆಕ್ಟ್‌ನ ಕೋಡ್ ಕೊಡುವ ನಿಯಮಗಳಿರುವ ‘ಕಾಂಟ್ರಿಬ್ಯೂಟಿಂಗ್’ ಫೈಲ್ ಮತ್ತು ಲೈಸೆನ್ಸ್ ಓದಿ. ಎಐ ಬರೆದ ಕೋಡ್ ಬಗ್ಗೆ ಹಲವು ಪ್ರಾಜೆಕ್ಟ್‌ಗಳಲ್ಲಿ ಈಗ ನಿಯಮಗಳಿವೆ, ಅದನ್ನೂ ನೋಡಿ. ಹಳೆಯ ಇಶ್ಯೂಗಳಲ್ಲಿ (ಪ್ರಾಜೆಕ್ಟ್ ಪುಟದಲ್ಲಿ ಜನ ಬರೆದ ದೂರು, ಬೇಡಿಕೆಗಳು) ಯಾರಾದರೂ ಇದನ್ನೇ ಕೇಳಿದ್ದಾರಾ ಹುಡುಕಿ. ಇಲ್ಲದಿದ್ದರೆ ಹೊಸ ಇಶ್ಯೂ ತೆರೆದು, ಏನು ಸೇರಿಸುತ್ತೀರಿ, ಯಾರಿಗೆ ಉಪಯೋಗ ಎಂದು ನಾಲ್ಕು ಸಾಲು ಬರೆಯಿರಿ.

ಬಗ್ ಸರಿಮಾಡಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಹೊಸ ಫಂಕ್ಷನ್ ಹಾಗಲ್ಲ. ನೀವು ಕೊಟ್ಟು ಹೋಗುತ್ತೀರಿ, ವರ್ಷಗಟ್ಟಲೆ ನೋಡಿಕೊಳ್ಳಬೇಕಾದವರು ಮೇಂಟೇನರ್‌ಗಳು. ಅವರು ಹಿಂದೆಮುಂದೆ ನೋಡುವುದು ಸಹಜ ಅಲ್ವಾ? ಓಪನ್ ಸೋರ್ಸ್‌ಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್. 2020ರಲ್ಲಿ ಆ ಟೀ ಶರ್ಟ್ ಆಸೆಗೆ ಎಷ್ಟೋ ಜನ ಸುಮ್ನೆ ಒಂದೆರಡು ಪದ ಬದಲಿಸಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದ್ದರು. ಮೇಂಟೇನರ್‌ಗಳು ರೇಗಿದರು. ಕೊನೆಗೆ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು.

ಮೇಂಟೇನರ್‌ಗಳು ಹೂಂ ಅಂದರೆ, ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ‘ಫೋರ್ಕ್’ ಒತ್ತಿ. ನಿಮ್ಮ ಖಾತೆಗೆ ಬಂದ ಕಾಪಿಯನ್ನು ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿಕೊಂಡು ಹೊಸ ಬ್ರಾಂಚ್ (ನಿಮ್ಮ ಬದಲಾವಣೆಗೆಂದೇ ಬೇರೆ ಕವಲು) ತೆರೆಯಿರಿ. ಏನನ್ನೂ ಬದಲಿಸುವ ಮುಂಚೆ ಈಗಿರುವ ಟೆಸ್ಟ್‌ಗಳನ್ನು (ಕೋಡ್ ಸರಿಯಾದ ಉತ್ತರ ಕೊಡುತ್ತದಾ ಎಂದು ನೋಡುವ ಸಣ್ಣ ಕೋಡ್‌ಗಳು) ಒಮ್ಮೆ ರನ್ ಮಾಡಿ. ಆಗಲೇ ಯಾವುದಾದರೂ ಫೇಲ್ ಆದರೆ, ಅದು ನಿಮ್ಮ ಕೋಡ್‌ನ ತಪ್ಪಲ್ಲ ಎಂದು ಗೊತ್ತಿರುತ್ತದೆ.

ಟೆಸ್ಟ್‌ಗೇ ಜಾಸ್ತಿ ಸಮಯ ಕೊಡಿ

ಫಂಕ್ಷನ್ ಇಪ್ಪತ್ತು ಸಾಲಿನಲ್ಲಿ ಮುಗಿಯಬಹುದು. ರಿವ್ಯೂ ಮಾಡುವವರಿಗೆ ಕನ್ನಡ ಬರದೇ ಇರಬಹುದು, ಅವರು ನಂಬುವುದು ಟೆಸ್ಟ್‌ಗಳನ್ನೇ. ನಮ್ಮ ಊರಿನ ಹೆಸರುಗಳೇ ಸಾಕು. ‘ಚಿಕ್ಕಬಳ್ಳಾಪುರ’ಕ್ಕೆ ಲೆನ್ ಕೊಡುವುದು 13, ಬರಬೇಕಾದ್ದು 6. ಎರಡು ಒತ್ತಕ್ಷರಗಳೂ ಇಲ್ಲಿ ಪರೀಕ್ಷೆಗೆ ಬರುತ್ತವೆ.

‘ಕೋಲಾರ’ ಇನ್ನೂ ಮಜವಾಗಿದೆ. ಅದರ ‘ಓ’ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಲೆನ್ ಮಾತ್ರ ಒಮ್ಮೆ 5, ಒಮ್ಮೆ 7 ಎನ್ನುತ್ತದೆ. ನಿಮ್ಮ ಫಂಕ್ಷನ್ ಎರಡಕ್ಕೂ 3 ಕೊಡಬೇಕು. ಖಾಲಿ ಸ್ಟ್ರಿಂಗ್, ನಡುವೆ ಇಂಗ್ಲಿಷ್ ಸೇರಿದ ಪದ, ಕನ್ನಡ ಅಂಕಿ ಇವಕ್ಕೂ ಒಂದೊಂದು ಟೆಸ್ಟ್ ಇರಲಿ. ಬಳಸುವ ವಿಧಾನವನ್ನು ಡಾಕ್ಯುಮೆಂಟೇಶನ್‌ನಲ್ಲಿ ಎರಡು ಸಾಲು ಬರೆಯಿರಿ.

ಕಳಿಸಿ, ಕಾಯಿರಿ

ಕಮಿಟ್ ಮಾಡಿ (ಬದಲಾವಣೆ ಉಳಿಸಿ), ಪುಶ್ ಮಾಡಿ (ಗಿಟ್‌ಹಬ್‌ಗೆ ಕಳಿಸಿ), ಪುಲ್ ರಿಕ್ವೆಸ್ಟ್ ತೆರೆಯಿರಿ. ವಿವರಣೆಯಲ್ಲಿ ಇಶ್ಯೂ ನಂಬರ್ ಹಾಕಿ. ಅದರ ಜೊತೆಗೆ ಬೇರೆ ಫೈಲ್‌ಗಳ ಸ್ಪೇಸು, ಕಾಮಾ ಸರಿಮಾಡಲು ಹೋಗಬೇಡಿ. ಓದುವವರಿಗೆ ಕಿರಿಕಿರಿ.

ಹೆಸರು ಬದಲಿಸಿ, ಈ ಲೂಪ್ ಬೇಡ ಎಂದೆಲ್ಲ ರಿವ್ಯೂ ಬರುತ್ತದೆ. ಅದೇ ಬ್ರಾಂಚ್‌ನಲ್ಲಿ ತಿದ್ದಿ ಮತ್ತೆ ಪುಶ್ ಮಾಡಿದರೆ ಸಾಕು, ಪುಲ್ ರಿಕ್ವೆಸ್ಟ್ ತಾನೇ ಅಪ್‌ಡೇಟ್ ಆಗುತ್ತದೆ. ಒಪ್ಪಿಗೆ ಆಗದಿದ್ದರೆ ವಾದಿಸಿ, ಆದರೆ ಉದಾಹರಣೆ ಕೊಟ್ಟು. ಎರಡು ವಾರವಾದರೂ ಉತ್ತರ ಬರದಿದ್ದರೆ ಒಮ್ಮೆ ವಿನಯವಾಗಿ ನೆನಪಿಸಿ. ಹೆಚ್ಚಿನ ಮೇಂಟೇನರ್‌ಗಳು ಈ ಕೆಲಸವನ್ನು ಬಿಡುವಿನಲ್ಲಿ, ಸಂಬಳವಿಲ್ಲದೆ ಮಾಡುತ್ತಾರೆ. ಬೇಡ ಎಂದೇ ಬಿಟ್ಟರೆ, ಅದೇ ಫಂಕ್ಷನ್ ಮತ್ತು ಟೆಸ್ಟ್‌ಗಳನ್ನು ಸಣ್ಣ ಪ್ಯಾಕೇಜ್ ಮಾಡಿ, ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಗೆ ಹಾಕಿ. ಬೇಕಾದವರು ಪಿಪ್‌ನಿಂದ ಇನ್‌ಸ್ಟಾಲ್ ಮಾಡಿಕೊಳ್ಳುತ್ತಾರೆ.